ಒಂದೇ ಶಾಯಿಯ ಅರವತ್ತೆರಡು ಫಾರಂ

ಯಾರು ಸುಳ್ಳು ಹೇಳುತ್ತಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲೆನೆಂಬುದು ಡಾಕ್ಟರ್ ನಂದೀಶ್ವರಯ್ಯನವರ ನಂಬಿಕೆ. ಅದಕ್ಕೋ ಏನೋ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಅವರು ಕನ್ನಡಿಯಲ್ಲಿ ಗಲ್ಲದಿಂದ ಮೇಲಕ್ಕೆ ನೋಡಿಕೊಳ್ಳುತ್ತಿರಲಿಲ್ಲ. ಎಂಬತ್ತನಾಲ್ಕನೆಯ ಇಸವಿ, ಶಿವರಾತ್ರಿಗೆ ಇನ್ನೆರಡು ವಾರವಿದ್ದ ಆ ಭಾನುವಾರ ಬ್ಲೇಡು ಕಿವಿಯ ಪಕ್ಕ ತಾಗಿ ರಕ್ತ ಜಿನುಗಿದ್ದರಿಂದ ಕಣ್ಣು ಮೇಲಕ್ಕೆ ಹೋಗಿ, ಅಲ್ಲಿ ತಮ್ಮದೇ ಕಣ್ಣುಗಳನ್ನು ಕಂಡು ತಟಕ್ಕನೆ ಕೆಳಗಿಳಿಯಿತು. ಅದೇ ಹೊತ್ತಿಗೆ ಬಚ್ಚಲುಮನೆಯಿಂದ ಕೆಮ್ಮು ಕೇಳಿಸಿತು. ಟವೆಲಿನಲ್ಲಿ ಮುಖ ಹುದುಗಿಸಿಕೊಂಡು ಕೆಮ್ಮುವ ಕೆಮ್ಮು. ಏಳು ವರ್ಷದ ಮಗಳು ನೀಲಾಂಬಿಕೆ ಆ ವಿದ್ಯೆಯಲ್ಲಿ ಪಳಗಿಬಿಟ್ಟಿದ್ದಳು. ಮನೆಯ ಮುಂಭಾಗದಲ್ಲೇ ಅಪ್ಪನ ಕ್ಲಿನಿಕ್ಕು. ನಡುವೆ ಒಂದು ಗೋಡೆ. ಗೋಡೆಯ ಆಚೆ ರೋಗಿಗಳಿದ್ದಾಗ ಈಚೆ ಉಬ್ಬಸ ಬಂದರೆ ಹೇಗೆ ಉಸಿರು ಬಿಗಿಹಿಡಿದು ಇಪ್ಪತ್ತರವರೆಗೆ ಎಣಿಸಬೇಕು, ಆಗಲೂ ತಡೆಯದಿದ್ದರೆ ಹೇಗೆ ಸದ್ದಿಲ್ಲದೆ ಬಚ್ಚಲಿಗೆ ಹೋಗಬೇಕು, ಯಾರಾದರೂ ಕೇಳಿದರೆ ಹೇಗೆ "ನೆಗಡಿ" ಅನ್ನಬೇಕು, ಇದನ್ನೆಲ್ಲ ಅವಳ ಅಜ್ಜಿ ಬಸವಮ್ಮ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಹೆಣ್ಣುಮಗು, ನಾಳೆ ಗಂಡು ಹುಡುಕುವಾಗ "ಆ ಉಬ್ಬಸದ ಹುಡುಗೀನಾ" ಎಂದು ಒಬ್ಬರು ಅಂದರೆ ಸಾಕು, ಹತ್ತೂರಿಗೆ ಹಬ್ಬುತ್ತದೆ. ಅಜ್ಜಿಯ ಕಾರಣ ಅದು. ಅಪ್ಪನ ಕಾರಣ ಇನ್ನಷ್ಟು ಹತ್ತಿರದ್ದು. ಸ್ವಂತ ಮಗಳಿಗೇ ವಾಸಿ ಮಾಡಲಾರದವನು ನಮ್ಮ ಮಕ್ಕಳಿಗೇನು ಮಾಡುತ್ತಾನೆ ಎಂದು ಶಿರಾ ಪೇಟೆ ಕೇಳುವುದಕ್ಕೆ ಎಷ್ಟು ಹೊತ್ತು? ಎರಡು ದಿನದ ಹಿಂದೆ ಒಬ್ಬ ತಾಯಿಗೆ ಅವರು ಬೆರಳೆತ್ತಿ, "ಕಾಯಿಲೆ ಮುಚ್ಚಿಡಬಾರದಮ್ಮ, ಮುಚ್ಚಿಟ್ಟಷ್ಟೂ ಬೆಳೆಯುತ್ತೆ" ಎಂದು ಬುದ್ಧಿ ಹೇಳುತ್ತಿದ್ದಾಗಲೇ ಗೋಡೆಯಾಚೆಯಿಂದ ಟವೆಲಿನ ಕೆಮ್ಮು ಬಂದಿತ್ತು. ಡಾಕ್ಟರು ದನಿ ಏರಿಸಿ ಬುದ್ಧಿವಾದವನ್ನು ಇನ್ನೊಂದು ಸಲ ಮೊದಲಿನಿಂದ ಹೇಳಿದ್ದರು.

ಅಲರ್ಜಿ ಎಂಬ ಮಾತು ಪೇಟೆಗೆ ಆಗಷ್ಟೇ ಬಂದಿತ್ತು. ಬಂದದ್ದೇ ತಡ, ಎಲ್ಲರೂ ಅದನ್ನು ಮೈಮೇಲೆ ಹಾಕಿಕೊಂಡಿದ್ದರು. "ನಂಗೆ ನಮ್ಮತ್ತೆ ಅಂದ್ರೆ ಅಲರ್ಜಿ ಡಾಕ್ಟ್ರೇ, ಮಾತ್ರೆ ಐತಾ?" ಎಂದು ಕೇಳಿದವಳೂ ಇದ್ದಳು. ನಂದೀಶ್ವರಯ್ಯನವರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅವರು ತರಿಸುತ್ತಿದ್ದ ವಿಲಾಯಿತಿಯ ವೈದ್ಯಪತ್ರಿಕೆ ಮೂರು ತಿಂಗಳು ತಡವಾಗಿ ಬರುತ್ತಿತ್ತು. ಅವರು ಅದನ್ನು ಪಂಚಾಂಗದಷ್ಟು ಭಕ್ತಿಯಿಂದ ಓದುತ್ತಿದ್ದರು. ಕಾಲೇಜಿನಲ್ಲಿದ್ದಾಗ ಎಲ್ಲರೂ ಹೂವಿನ ಪರಾಗದ ಹಿಂದೆ ಬಿದ್ದಿದ್ದರು. ಆಮೇಲೆ, ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳವಿದೆ, ಎಲ್ಲ ಅದರದೇ ಕಿತಾಪತಿ ಎಂದರು. ಈಗ ರಕ್ತ ತೆಗೆದು ಅದರಲ್ಲಿನ ಯಾವುದೋ ಅಂಶ ಅಳೆಯುವ ಕಾಲ. ಜೊತೆಗೆ ಮಗು ತಾಯಿಯ ಹಾಲನ್ನು ಎಷ್ಟು ತಿಂಗಳು ಕುಡಿಯಿತು, ಮನೆಯಲ್ಲಿ ಬೆಕ್ಕಿದೆಯೇ, ಗೋಡೆಗೆ ತೇವವಿದೆಯೇ ಎಂದು ಸಾವಿರಾರು ಮನೆಗಳ ಬಾಗಿಲು ತಟ್ಟಿ ಕೇಳುವುದೂ ಶುರುವಾಗಿತ್ತು. ರಕ್ತ ಅಳೆಯುವ ಯಂತ್ರ ಶಿರಾದಲ್ಲಿ ಇರಲಿಲ್ಲ. ಮಕ್ಕಳಿದ್ದರು, ಬಾಗಿಲುಗಳಿದ್ದವು. ಹಾಗಾಗಿ ನಂದೀಶ್ವರಯ್ಯ ಹನ್ನೆರಡು ಪ್ರಶ್ನೆಗಳ ಫಾರಂ ಒಂದನ್ನು ಅಚ್ಚು ಹಾಕಿಸಿ ಎರಡು ವರ್ಷದಿಂದ ಮಕ್ಕಳನ್ನು ಕೂಡಿಸುತ್ತಿದ್ದರು. ಅವರದೇ ಶಿರಾ ಪೇಟೆಯ ನೂರಿಪ್ಪತ್ತು ಮಕ್ಕಳು. ಮಧುಗಿರಿಯ ಬೀದಿಗಳಿಂದ ನೂರೈವತ್ತು. ಕೊರಟಗೆರೆ ಕಡೆ ಹೊಳವನಹಳ್ಳಿ ಸಂತೆಗೆ ಬಂದ ತಾಯಂದಿರನ್ನು ಬಸ್ ಸ್ಟಾಪಿನಲ್ಲಿ ಕೂರಿಸಿ ಬರೆಸಿದ್ದು ಎಂಬತ್ತೆಂಟು. ಪಾವಗಡದಾಚೆ ವೈ.ಎನ್. ಹೊಸಕೋಟೆಯಿಂದ ಕದಿರಯ್ಯ ಮೇಷ್ಟ್ರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ತುಂಬಿ ಕಳಿಸಿದ್ದು ಎಂಬತ್ತು. ಕಡೆಯದಾಗಿ, ಕಳ್ಳಂಬೆಳ್ಳದ ಆಚೆಗಿನ ಒಂದು ಕುರಿಯವರ ಹಟ್ಟಿಯಿಂದ ಅರವತ್ತೆರಡು. ಅಲ್ಲಿಗೆ ಐನೂರು ತುಂಬಿತು, ಅಲ್ಲೇ ಯಡವಟ್ಟಾಯಿತು. ಏಳನೆಯ ಪ್ರಶ್ನೆ, ಮಗುವಿಗೆ ಉಬ್ಬಸ ಬರುತ್ತದೆಯೇ ಎಂಬುದಕ್ಕೆ ಪೇಟೆಗಳಲ್ಲೆಲ್ಲ ಹತ್ತಕ್ಕೆ ಒಬ್ಬರಾದರೂ ಹೌದು ಎಂದಿದ್ದರು. ಹಟ್ಟಿಯ ಅರವತ್ತೆರಡು ಫಾರಂಗಳಲ್ಲೂ "ಇಲ್ಲ". ಎಲ್ಲವೂ ಒಂದೇ ದಿನ, ಒಂದೇ ಕೈಬರಹ, ಒಂದೇ ನೀಲಿ ಶಾಯಿ. ಬೆಂಗಳೂರಿನಲ್ಲಿದ್ದ ಅವರ ಗುರುಗಳು, ಪ್ರೊಫೆಸರ್ ಶಂಕರಲಿಂಗಪ್ಪನವರು, ಕಾರ್ಡಿನಲ್ಲಿ ಎರಡು ಸಾಲು ಬರೆದಿದ್ದರು: "ಧೂಳು, ಕುರಿ, ಉಣ್ಣೆ ಇರುವಲ್ಲಿ ಉಬ್ಬಸ ಸೊನ್ನೆ ಎಂದರೆ ಯಾರೋ ಮರದಡಿ ಕೂತು ಬರೆದಿದ್ದಾರೆ. ಹೋಗಿ ನೋಡು, ಇಲ್ಲವೇ ಕಿತ್ತುಹಾಕು. ಪ್ರಬಂಧ ಸೋಮವಾರದ ಟಪಾಲಿಗೆ ಬೀಳಬೇಕು." ವೈದ್ಯರ ಸಮ್ಮೇಳನದಲ್ಲಿ ಓದಲಿರುವ ಪ್ರಬಂಧ. ಹದಿನೈದು ವರ್ಷ ಮಕ್ಕಳ ನಾಲಿಗೆ ನೋಡಿದ್ದಕ್ಕೆ ಸಿಗಲಿದ್ದ ಹದಿನೈದು ನಿಮಿಷ.

ಕಾರ್ಡು ಬಂದ ಬುಧವಾರ ಅವರು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಆ ಅರವತ್ತೆರಡನ್ನು ಬರೆದು ತಂದವನು ಅವರ ಕಾಂಪೌಂಡರ್ ಓಬಳಯ್ಯ. ಅದೇ ಹಟ್ಟಿಯಲ್ಲಿ ಹುಟ್ಟಿದವನು, ಹನ್ನೊಂದು ವರ್ಷದಿಂದ ಸಿರಿಂಜು ಕುದಿಸುತ್ತ, ಶೀಷೆಗೆ ಗುರುತಿನ ಚೀಟಿ ಅಂಟಿಸುತ್ತ ಇದ್ದವನು. ಹದಿನಾಲ್ಕು ಜನ ರೋಗಿಗಳು ಬೆಂಚಿನ ಮೇಲೆ ಕೂತಿದ್ದಾಗ ಡಾಕ್ಟರು ಫಾರಂ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ, "ಯಾವ ಟೀ ಅಂಗಡೀಲಿ ಕೂತು ಬರೆದೆಯಯ್ಯ ಇದನ್ನ? ನಿಮ್ಮೋರ ಮರ್ಯಾದೆ ಉಳಿಸೋಕೆ ನನ್ನ ಮರ್ಯಾದೆ ಕಳೀತೀಯಾ?" ಎಂದುಬಿಟ್ಟರು. ಓಬಳಯ್ಯ ಇಕ್ಕಳದಿಂದ ಸಿರಿಂಜು ಎತ್ತಿ ತಟ್ಟೆಯಲ್ಲಿಟ್ಟ. ಬೆಂಚಿನ ಮೇಲಿದ್ದ ಹದಿನಾಲ್ಕು ಜನವೂ ನೆಲ ನೋಡಿದರು. ಅಂದಿನಿಂದ ಓಬಳಯ್ಯ ಕೆಲಸದಲ್ಲಿ ಏನೂ ಕಮ್ಮಿ ಮಾಡಲಿಲ್ಲ, ಮಾತಿನ ಕೊನೆಯ "ಸಾ" ಒಂದನ್ನು ಮಾತ್ರ ಬಿಟ್ಟ. "ನೀರು ಕುದ್ದೈತೆ." ಅಷ್ಟೆ. "ಇಂಜಕ್ಷನ್ ಮುಗ್ದೈತೆ." ಅಷ್ಟೆ. ಒಂದು ಅಕ್ಷರ ಇಲ್ಲದೆ ಮನುಷ್ಯ ಇಷ್ಟು ಬರಿದಾಗಬಹುದೆಂದು ನಂದೀಶ್ವರಯ್ಯನವರಿಗೆ ಗೊತ್ತಿರಲಿಲ್ಲ. ಪ್ರತಿ ವಾಕ್ಯದ ಕೊನೆಗೂ ಅವರು ಭಿಕ್ಷೆಗೆ ನಿಂತವರಂತೆ ಒಂದು ಕ್ಷಣ ಕಾಯುತ್ತಿದ್ದರು.

ಭಾನುವಾರ ಹಟ್ಟಿಗೆ ಹೋಗಿ ಕಣ್ಣಾರೆ ನೋಡಿ, ಆ ಅರವತ್ತೆರಡನ್ನು ಕಿತ್ತುಹಾಕಿ, ಸೋಮವಾರ ಟಪಾಲಿಗೆ ಹಾಕುವುದು ಎಂದು ತೀರ್ಮಾನಿಸಿದ್ದರು. ಒಬ್ಬರೇ ಹೋಗುವುದೆಂದುಕೊಂಡರೆ, ಹೆಂಡತಿ ಸರ್ವಮಂಗಳಾ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ನೀಲಾನ ನಿಮ್ಮ ಜೊತೆ ಕರ್ಕೊಂಡು ಹೋಗಿ" ಎಂದಳು. ಅವಳೂ ಅತ್ತೆಯೂ ಮಧುಗಿರಿಗೆ, ತೊಟ್ಟಿಲು ಶಾಸ್ತ್ರಕ್ಕೆ ಹೊರಟಿದ್ದರು.

"ಕುರಿಹಟ್ಟಿಗಾ? ಉಬ್ಬಸದ ಮಗೂನ ಉಣ್ಣೆ ಮಧ್ಯಕ್ಕೆ ಕರ್ಕೊಂಡು ಹೋಗು ಅಂತೀಯಲ್ಲ."

"ರಾತ್ರಿಯೆಲ್ಲ ಉಸಿರು ಎಳೆದಿದಾಳೆ. ಅಲ್ಲಿ ನಮ್ಮತ್ತಿಗೆ ಕಡೆಯೋರೆಲ್ಲ ಬಂದಿರ್ತಾರೆ. ಹಟ್ಟಿಯೋರು ನಮಗೇನು ನೆಂಟರಾ, ಕೇಳಿದ್ರೆ ಕೇಳ್ಕೊಳ್ಲಿ."

ಈ ತರ್ಕದಲ್ಲಿ ತಪ್ಪು ಹುಡುಕಲು ನಂದೀಶ್ವರಯ್ಯನವರಿಗೆ ಆಗಲಿಲ್ಲ. ಅವರ ಪ್ರಬಂಧಕ್ಕಿಂತ ಅದು ಗಟ್ಟಿಯಾಗಿತ್ತು. ಮಗಳಿಗೆ ಒಂದು ಚಮಚ ಸಿರಪ್ ಕುಡಿಸಿ, ಮೂಗು ಬಾಯಿಗೆ ಕರ್ಚೀಫು ಕಟ್ಟಿ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡರು. ಹಿಂದೆ ಓಬಳಯ್ಯ, ಅವನ ತೊಡೆಯ ಮೇಲೆ ಐನೂರು ಮಕ್ಕಳ ಚೀಲ. ಹೆದ್ದಾರಿಯಲ್ಲಿ ಕಡಲೆಕಾಯಿ ಲಾರಿಗಳು ಹಾರಿಸಿದ ಧೂಳಿಗೆಲ್ಲ ಡಾಕ್ಟರು ಮಗಳ ತಲೆಯನ್ನು ಒಂದು ಕೈಯಲ್ಲಿ ಒತ್ತಿ ಬಗ್ಗಿಸುತ್ತಿದ್ದರು. ಆ ತಲೆ ಅಂಗೈಗೆ ಬೆಚ್ಚಗೆ ತಾಗಿದಾಗಲೆಲ್ಲ ಅವರಿಗೆ ನೂರಾ ಹದಿನೇಳನೆಯ ಫಾರಂ ನೆನಪಾಗುತ್ತಿತ್ತು. ಅದು ಅವರದೇ ಬೀದಿಯ ಸರದಿ. ಎಡಮನೆಯ ಹುಡುಗ ನೂರಾ ಹದಿನಾರು, ಬಲಮನೆಯ ಅವಳಿಗಳು ನೂರಾ ಹದಿನೆಂಟು, ಹತ್ತೊಂಬತ್ತು. ನಡುವಿನ ಮನೆಯನ್ನು ಬಿಟ್ಟರೆ ಸಂಶೋಧನೆಯ ನಿಯಮ ಮುರಿದಂತೆ. ನಿಯಮ ಮುರಿಯುವ ಜಾಯಮಾನ ಅವರದಲ್ಲ. ಆದ್ದರಿಂದ ಹೋದ ವರ್ಷ ನಿಷ್ಠೆಯಿಂದ ಮೇಜಿನ ಮುಂದೆ ಕೂತು, ತಮ್ಮ ಮನೆಗೆ ತಾವೇ ಪ್ರಶ್ನೆ ಹಾಕಿಕೊಂಡು, ಒಳ್ಳೆಯ ಅಕ್ಷರದಲ್ಲಿ ಬರೆದಿದ್ದರು: ನೀಲಾಂಬಿಕೆ, ಆರು ವರ್ಷ, ಉಬ್ಬಸ ಇಲ್ಲ. ಬರೆಯುವ ಮುಂಚೆ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ನಿಂತಿದ್ದರಿಂದ ಅಲ್ಲೊಂದು ಚುಕ್ಕೆ ಶಾಯಿ ಹರಡಿತ್ತು. ಐನೂರರಲ್ಲಿ ಒಂದು, ಅಷ್ಟರಿಂದ ಶೇಕಡಾವಾರು ಏನೂ ಅಲ್ಲಾಡುವುದಿಲ್ಲ ಎಂದು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದರು. ಹಟ್ಟಿಯ ಹೆಂಗಸರು ಮುಚ್ಚಿಟ್ಟಿದ್ದಾರೆಂದು ತಮಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಕಳ್ಳಂಬೆಳ್ಳದ ಕೆರೆಯ ಏರಿ ಬಂದಾಗ ಎದ್ದಿತು. ಏರಿ ಇಳಿದ ಮೇಲೆ ರಸ್ತೆ ಕೆಟ್ಟಿತ್ತು. ಗುಂಡಿ ತಪ್ಪಿಸುವ ನೆಪದಲ್ಲಿ ಅವರು ಅದನ್ನು ಅಲ್ಲೇ ಬಿಟ್ಟರು.

ಹಟ್ಟಿಯ ಸುತ್ತ ಆಳೆತ್ತರದ ಮುಳ್ಳುಬೇಲಿ. "ಕೆರ ಇಲ್ಲೇ ಬುಟ್ಟು ಬರ್ಬೇಕು" ಎಂದ ಓಬಳಯ್ಯ. ಡಾಕ್ಟರು "ಸಾ"ಗಾಗಿ ಒಂದು ಕ್ಷಣ ಕಾದು, ಬೂಟು, ಕಾಲುಚೀಲ ಕಳಚಿದರು. ಹೆಬ್ಬೆರಳ ಬಳಿ ಕಾಲುಚೀಲ ತೂತಾಗಿದ್ದು ನೀಲಾಗೆ ಕಂಡು ಕರ್ಚೀಫಿನೊಳಗೆ ನಕ್ಕಳು. ಕೊರಳಲ್ಲಿ ಸ್ಟೆತಾಸ್ಕೋಪು, ಬರಿಗಾಲಿಗೆ ನೆಗ್ಗಿಲಮುಳ್ಳು; ವಿಜ್ಞಾನ ಕುಂಟುತ್ತ ಒಳಗೆ ಬಂತು. ಗಂಡಸರು ಕುರಿ ಹೊಡೆದುಕೊಂಡು ಹೋಗಿದ್ದರು. ಹೊಸ ಮರಿಗಳು ಮಾತ್ರ ಉಳಿದು, ಮನೆಯೊಳಗೆ ಹೊರಗೆ ಮಕ್ಕಳ ಕಾಲಿಗೆ ಅಡ್ಡಾಡುತ್ತಿದ್ದವು. ಹಟ್ಟಿಗೆ ಹಿರಿಯಳಾದ ಹೊನ್ನಕ್ಕ, ಓಬಳಯ್ಯನ ದೊಡ್ಡಮ್ಮ, ಜಗಲಿಯ ಮೇಲೆ ಕಂಬಳಿ ಹಾಸಿದಳು. ಮಕ್ಕಳು ಬಂದು ಸಾಲುಸಾಲಾಗಿ ಕೂತರು. ನೀಲಾ ಕಂಬಳಿಯ ತುದಿಯಲ್ಲಿ ಕೂತದ್ದೇ ಒಂದು ಮರಿ ಬಂದು ಅವಳ ಲಂಗ ಅಗಿಯತೊಡಗಿತು. ನಂದೀಶ್ವರಯ್ಯ ಗಂಟಲು ಸರಿಮಾಡಿಕೊಂಡು, ಬೆರಳು ಚಾಚಿ, "ಒಂದು, ಎರಡು, ಮೂರು" ಎಂದು ಶುರು ಮಾಡಿದರು.

ಹೊನ್ನಕ್ಕ ಸೆರಗು ಚಾಚಿ ನಾಲ್ಕನೆಯ ಮಗುವನ್ನು ಮರೆ ಮಾಡಿದಳು. "ಎಣಿಸ್ಬ್ಯಾಡಿ ಸ್ವಾಮಿ. ನಾವು ಕುರೀನೂ ಎಣಿಸಾಕಿಲ್ಲ, ಮಕ್ಳನ್ನೂ ಎಣಿಸಾಕಿಲ್ಲ."

"ಎಣಿಸದೆ ಎಲ್ಲಾ ಇದಾರೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತಮ್ಮ?"

"ಮೊಕ ನೋಡಿದ್ರೆ ಗೊತ್ತಾಗಾಕಿಲ್ವಾ? ಯಾವ್ದು ಬಂದಿಲ್ಲ ಅಂತ ಹೊಟ್ಟೆಗೆ ತಿಳಿತೈತೆ. ಒಂದೊಂದ್ರ ಎಸ್ರು ಯೋಳ್ತೀನಿ, ನೀವು ಬರ್ಕಳಿ. ಎಣ್ಸಾದು ನಿಮ್ಮನೇಗೋಗಿ ಎಣಿಸ್ಕಳಿ. ನಮ್ ಓಬಳ ಬಂದಾಗ್ಲೂ ಇಂಗೇ ಕುಂತ್ಕಂಡು ಯೋಳಿದ್ದೆ. ಒತ್ತಾರೆ ಕುಂತೋನು ಸಂಜೆ ಕುರಿ ಬರಾಗಂಟ ಬರ್ದ. ಉಣ್ಣಾಕೂ ಏಳ್ನಿಲ್ಲ ಕಣಪ್ಪ."

ಡಾಕ್ಟರು ಓಬಳಯ್ಯನ ಮುಖ ನೋಡಿದರು. ಅವನು ಚೀಲದ ದಾರ ಬಿಚ್ಚುತ್ತಿದ್ದ. ಒಂದೇ ದಿನ, ಒಂದೇ ಕೈ, ಒಂದೇ ಶಾಯಿ ಎಂಬುದರ ಅರ್ಥ ಅಷ್ಟೇ ಆಗಿತ್ತು. ಅವನು ಮಕ್ಕಳನ್ನು ಎಣಿಸದೆ, ಅವರ ಹಟ್ಟಿಯ ರೀತಿಯನ್ನೂ ಮುರಿಯದೆ, ಡಾಕ್ಟರ ನಿಯಮವನ್ನೂ ಮುರಿಯದೆ, ಹಸಿದು ಕೂತು ಬರೆದಿದ್ದ. "ಬುಧವಾರವೇ ಇದನ್ನ ಹೇಳಬಾರದಿತ್ತಾ?" ಎಂದು ಕೇಳಬೇಕೆನಿಸಿತು. ಹದಿನಾಲ್ಕು ಜನರ ಮುಂದೆ, "ನಮ್ಮೋರು ಮಕ್ಕಳನ್ನ ಎಣಿಸೋದಿಲ್ಲ" ಎಂದು ಹೇಳಿ ನಗೆಪಾಟಲಾಗುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ಅವನಿಗನಿಸಿರಬೇಕು. ಹೊನ್ನಕ್ಕ ಆಗಲೇ ಶುರುಮಾಡಿದ್ದಳು. ಅವಳು ಒಂದೊಂದು ಮಗುವಿನ ತಲೆ ಮುಟ್ಟಿ ಹೇಳುತ್ತ ಹೋದಂತೆ ನಂದೀಶ್ವರಯ್ಯ ತೊಡೆಯ ಮೇಲೆ ಫಾರಂ ಕಟ್ಟನ್ನು ಇಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು.

"ಮಾರಣ್ಣನ ಮಗಳು ಲಕ್ಕಮ್ಮ. ಉಬ್ಬಸ ಇಲ್ಲ. ಓದ್ವರ್ಸ ಬಾವೀಗೆ ಬಿದ್ದು ತೇಲ್ಕಂಡಿದ್ಲು."

ಅವರು ಹಾಳೆಯಲ್ಲಿ ನೋಡಿದರು. ಒಂಬತ್ತನೆಯ ಪ್ರಶ್ನೆ, ಮಗುವಿಗೆ ಬೇರೇನಾದರೂ ಆಗಿತ್ತೇ ಎಂಬುದರ ಮುಂದೆ ಓಬಳಯ್ಯ ಬರೆದಿದ್ದ: ಬಾವಿಗೆ ಬಿದ್ದು ತೇಲಿದಳು.

"ಭೀಮಕ್ಕನ ಮಗ ದಾಸಣ್ಣ. ಉಬ್ಬಸ ಇಲ್ಲ. ಕಿವಿ ಸೋರ್ತೈತೆ. ಇವ್ನು ತಿಮ್ಮರಾಯಪ್ಪನ ಮಗ, ಉಬ್ಬಸ ಇಲ್ಲ, ಕಜ್ಜಿ ಐತೆ. ಉಬ್ಬಸ ಅಂದ್ರೆ ನಮ್ಮಟ್ಟೀಲಿ ಬೀಡಿ ಸೇದೋ ಮುದುಕ್ರಿಗೈತೆ ಸ್ವಾಮಿ, ಮಕ್ಳಿಗೆಲ್ಲಿ ಬತ್ತೈತೆ?"

ಕಿವಿ ಸೋರುತ್ತದೆ. ಕಜ್ಜಿ. ಜಂತುಹುಳ. ಟಗರು ಗುಮ್ಮಿ ಹಲ್ಲು ಹೋಗಿದೆ. ಒಂದರಂತೆ ಇನ್ನೊಂದಿರಲಿಲ್ಲ. ಎರಡು ವರ್ಷ ಐನೂರು ಮಕ್ಕಳ ಹಿಂದೆ ಓಡಾಡಿದ ಮನುಷ್ಯ ಏಳನೆಯ ಪ್ರಶ್ನೆಯಿಂದ ಕೆಳಗೆ ಕಣ್ಣು ಹಾಯಿಸಿರಲೇ ಇಲ್ಲ. ಏಳರಲ್ಲಿ ಅವರಿಗೆ ಬೇಕಾದದ್ದಿತ್ತು, ಒಂಬತ್ತರಲ್ಲಿ ಮಕ್ಕಳಿದ್ದರು. ಹೊನ್ನಕ್ಕ ಒಮ್ಮೆ ನಿಂತು, ಎರಡು ಮಕ್ಕಳ ನಡುವೆ ಬರಿಯ ಕಂಬಳಿಯನ್ನು ಅಂಗೈಯಿಂದ ಸವರಿ, "ಕೆಂಪಕ್ಕನ ಕೂಸು. ಓಬಳ ಬರ್ಕಂಡೋದಾಗ ಇತ್ತು. ದೀವಳಿಗೆಲಿ ದಡಾರ ಆಗಿ ಓತು" ಎಂದಳು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಆ ಕೂಸಿಗೆ ಒಂದೂವರೆ ವರ್ಷ, ಎಲ್ಲದರ ಮುಂದೂ "ಇಲ್ಲ". ನಂದೀಶ್ವರಯ್ಯನವರಿಗೆ ನಾಚಿಕೆಯಾಯಿತು. ಇದನ್ನು ಕಿತ್ತುಹಾಕಲು ಬಂದಿದ್ದೆನಲ್ಲ ಎಂದುಕೊಂಡು ಆ ಹಾಳೆಯನ್ನು ಮಡಿಕೆ ಬೀಳದಂತೆ ಕಟ್ಟಿನೊಳಗಿಟ್ಟರು. ಅವರು ತಿರಸ್ಕರಿಸಿದ ಅರವತ್ತೆರಡರಲ್ಲಿ ಒಂದೂ ಸುಳ್ಳಿರಲಿಲ್ಲ. ಉಳಿಸಿಕೊಂಡ ನಾನೂರ ಮೂವತ್ತೆಂಟರಲ್ಲಿ ಒಂದು ಸುಳ್ಳಿತ್ತು, ಅದು ಅವರ ಅಕ್ಷರದಲ್ಲೇ ಇತ್ತು. ಇಲ್ಲೆಲ್ಲ ಮುಚ್ಚಿಡುತ್ತಾರೆಂದು ತಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಈಗ ಗುಂಡಿಯಿಲ್ಲದ ಬಯಲಿನಲ್ಲಿ ಎದುರಿಗೇ ಬಂದು ನಿಂತಿತು. ತಮ್ಮ ಮನೆಯ ರೀತಿಯೇ ಲೋಕದ ರೀತಿ ಎಂದುಕೊಂಡಿದ್ದರು, ಅಷ್ಟೆ.

ತಲೆ ಮುಟ್ಟುತ್ತ ಬಂದ ಹೊನ್ನಕ್ಕನ ಕೈ ಕಂಬಳಿಯ ತುದಿಗೆ ಬಂದು ನೀಲಾಳ ತಲೆಯ ಮೇಲೆ ನಿಂತಿತು. ಕರ್ಚೀಫು ಎಂದೋ ಕೊರಳಿಗಿಳಿದಿತ್ತು. ಮರಿ ತೊಡೆಯ ಮೇಲೆ ಮಲಗಿತ್ತು.

"ಇದ್ಯಾರ ಮಗ? ನಿನ್ನೆಸ್ರೇನವ್ವ?"

"ನೀಲಾ."

"ನೀಲಂಗೆ ಉಬ್ಬಸ?"

ಎಲ್ಲರಿಗೆ ಕೇಳಿದ ದನಿಯಲ್ಲೇ ಕೇಳಿದಳು. ಡಾಕ್ಟರ ಬಾಯಿಗೆ "ನೆಗಡಿ" ಎಂಬ ಮಾತು ತಾನಾಗಿ ಬಂದು ಹಲ್ಲಿನ ಹಿಂದೆ ನಿಂತಿತು. ನೀಲಾ ಅಪ್ಪನ ಕಡೆ ನೋಡಿದಳು. ಅವಳು ಉಸಿರು ಬಿಗಿಹಿಡಿದದ್ದು ಅವರಿಗೆ ಕಂಡಿತು. ತುಟಿ ಅಲ್ಲಾಡುತ್ತಿತ್ತು, ಒಂದು, ಎರಡು, ಮೂರು. ಮಕ್ಕಳನ್ನು ಎಣಿಸದ ಆ ಹಟ್ಟಿಯಲ್ಲಿ ತಮ್ಮ ಮಗಳೊಬ್ಬಳೇ ಕೂತು ಉಸಿರು ಎಣಿಸುತ್ತಿದ್ದಾಳೆ. ಇಷ್ಟು ಚಿಕ್ಕ ಮಗುವಿಗೆ ಇಂಥ ಕೆಲಸ ಹಚ್ಚಿದವನು ತಾನು ಎಂದುಕೊಂಡಾಗ ಅವರ ಕಣ್ಣು ಹನಿಗೂಡಿತು. ಅವರು "ನೆಗಡಿ"ಯನ್ನು ನುಂಗಿಕೊಂಡು, ಮಗಳನ್ನು ನೋಡಿ ಮೆಲ್ಲಗೆ ತಲೆ ಆಡಿಸಿದರು.

"ಐತೆ" ಎಂದಳು ನೀಲಾ. ಮನೆಯಲ್ಲಿ ಹಾಗೆ ಅಂದಿದ್ದರೆ ಅಜ್ಜಿ ಮಾತು ತಿದ್ದುತ್ತಿದ್ದರು.

"ಐತಂತೆ. ಬರ್ಕಳ್ಳಾ ಓಬಳ" ಎಂದಳು ಹೊನ್ನಕ್ಕ, ಕಿವಿ ಸೋರುವುದನ್ನೋ ಕಜ್ಜಿಯನ್ನೋ ಬರೆಸಿದಷ್ಟೇ ಸಲೀಸಾಗಿ. ಅವಳ ಮುಖದಲ್ಲಿ ಅಯ್ಯೋ ಪಾಪವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

ಓಬಳಯ್ಯ ಪೆನ್ನಿನ ಮುಚ್ಚಳ ತೆಗೆದು ಡಾಕ್ಟರ ಕಡೆ ತಿರುಗಿದ. "ಬರ್ಕಳ್ಳಾ ಸಾ?"

ರಾತ್ರಿ ಮಧುಗಿರಿಯಿಂದ ಇಬ್ಬರು ಹೆಂಗಸರು ವಾಪಸು ಬರುತ್ತಾರೆ. ಅವರ ಮುಂದೆ ನಿಲ್ಲುವುದು ಸಮ್ಮೇಳನದ ಮುಂದೆ ನಿಲ್ಲುವಷ್ಟು ಸುಲಭವಲ್ಲ. ಗುರುಗಳಿಗೆ ಸೊನ್ನೆ ಸೊನ್ನೆಯೇ ಎಂದು ಬರೆಯಬೇಕು, ಏಕೆ ಎಂಬುದು ತನಗೆ ಗೊತ್ತಿಲ್ಲ ಎಂದೂ ಬರೆಯಬೇಕು. ಹದಿನೈದು ನಿಮಿಷದಲ್ಲಿ ಒಂದೆರಡು ನಿಮಿಷ ಜನ ನಗಲಿಕ್ಕೂ ಹೋಗಬಹುದು.

"ಹೊಸ ಫಾರಂ ಬೇಡ" ಎಂದರು ಡಾಕ್ಟರು. "ನೂರಾ ಹದಿನೇಳು ತೆಗಿ. ಅದರಲ್ಲಿ ಇಲ್ಲ ಅಂತಿದೆ. ಅದನ್ನ ಹೊಡೆದುಹಾಕಿ…"

"ಗೊತ್ತು ಸಾ" ಎಂದ ಓಬಳಯ್ಯ. ಐನೂರರ ಕಟ್ಟಿನಿಂದ ಆ ಒಂದು ಹಾಳೆಯನ್ನು ಅವನು ಹುಡುಕದೆಯೇ ಎಳೆದ. ಹನ್ನೊಂದು ವರ್ಷ ಆ ಗೋಡೆಯ ಆಚೆಗೂ ಈಚೆಗೂ ಓಡಾಡಿದವನಿಗೆ ಅದು ಗೊತ್ತಿತ್ತು. ಬುಧವಾರವೂ ಗೊತ್ತಿತ್ತು, ಹದಿನಾಲ್ಕು ಜನರ ಮುಂದೆ ಸಿರಿಂಜು ಎತ್ತಿಡುವಾಗಲೂ ಗೊತ್ತಿತ್ತು.

"ಓಬಳಯ್ಯ, ಬುಧವಾರ ನಾನು ಅಂದದ್ದು ತಪ್ಪು. ನಾಳೆ ಬೆಂಚಿನೋರ ಮುಂದೇನೇ ಹೇಳ್ತೀನಿ."

"ಬುಡಿ ಸಾ" ಎಂದು ಅವನು ತಲೆ ಬಗ್ಗಿಸಿ, ಹರಡಿದ ಶಾಯಿಚುಕ್ಕೆಯ ಪಕ್ಕದಲ್ಲಿ ಗುಂಡಗೆ "ಹೌದು" ಎಂದು ಬರೆದ.

ಆಗ ನೀಲಾ ಕೆಮ್ಮಿದಳು. ಅಲ್ಲಿ ಟವೆಲಿರಲಿಲ್ಲ, ಹಾಕಿಕೊಳ್ಳಲು ಬಾಗಿಲಿರಲಿಲ್ಲ. ಎಷ್ಟು ದಿನದ್ದೋ ತಡೆದಿಟ್ಟುಕೊಂಡಿದ್ದನ್ನೆಲ್ಲ ಬಾಯಿ ತೆರೆದು, ಎದೆ ಅದುರುವಂತೆ, ಮರಿ ಬೆದರಿ ಎದ್ದು ಓಡುವಂತೆ ಕೆಮ್ಮಿದಳು. ಡಾಕ್ಟರು ಸಿರಪ್ಪಿನ ಶೀಷೆ ಹಿಡಿದು ಮೊಣಕಾಲೂರಿ ಅವಳ ಮುಂದೆ ಕೂತರು. ಕಂಬಳಿಯ ಮೇಲಿನ ಮಕ್ಕಳಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಹೊನ್ನಕ್ಕ ಒಂದು ಕೈಯಲ್ಲಿ ಅವಳ ಬೆನ್ನು ನೀವುತ್ತ, ಇನ್ನೊಂದು ಕೈಯನ್ನು ಹಿಂದಿನ ಸಾಲಿನ ಮಗುವಿನ ತಲೆಯ ಮೇಲಿಟ್ಟು ಮುಂದಿನ ಹೆಸರು ಹೇಳಿದಳು.